ಬೆನ್ನು ಮಾತ್ರ ಕಂಡ ಚಿತ್ರ

ಅರವತ್ತರ ದಶಕದ ಮೊದಲಲ್ಲಿ ನಾನು ಮಲ್ಪೆ ಬಂದರಿನ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದೆ. ಮಕ್ಕಳಿಗೆ ಊರಿನ ಚರಿತ್ರೆ ಹೇಳೋಣವೆಂದರೆ ಪುಸ್ತಕದಲ್ಲಿ ಮಲ್ಪೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಉಡುಪಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಅಪ್ಪನ ಹತ್ತಿರ ಮಾತ್ರ ಬಂದರಿನ ಫೋಟೋಗಳು ರಾಶಿಯಾಗಿದ್ದವು. ಮದುವೆ ಫೋಟೋ ತೆಗೆದು ಸಂಸಾರ ಸಾಗಿಸುತ್ತಿದ್ದ ಅವರಿಗೆ, ಹೆಂಚು ತುಂಬಿಕೊಂಡು ಬೊಂಬಾಯಿಗೆ ಹೊರಡುವ ಮಂಜಿಗಳೆಂದರೆ, ಆ ದೊಡ್ಡ ಹಾಯಿಹಡಗುಗಳೆಂದರೆ, ಹುಚ್ಚು.

ಒಂದು ಶನಿವಾರ ಆ ಚಿತ್ರಗಳನ್ನು ಶಾಲೆಯ ಜಗಲಿಯಲ್ಲಿ ತೂಗುಹಾಕಿದೆವು. ಬಂದರಿನವರೆಲ್ಲ ಬಂದರು.

"ಈ ಗೋದಾಮು ಬಿದ್ದು ಎಷ್ಟು ಕಾಲ ಆಯ್ತು ಮಾರಾಯ!" ಎಂದು ಯಾರೋ ಕೂಗಿದರು.

ನನ್ನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ, ಬ್ಯಾರಿ ಮುಸ್ಲಿಮರ ಹೆಂಗಸು, ಒಂದು ಚಿತ್ರದ ಮುಂದೆ ನಿಂತವಳು ಕದಲಲೇ ಇಲ್ಲ. ಅದರಲ್ಲಿ ಮಂಜಿಯ ನಾಲ್ವರು ಖಲಾಸಿಗಳು ಹಾಯಿಯ ಹಗ್ಗ ಎಳೆಯುತ್ತಿದ್ದರು. ನಾಲ್ವರದೂ ಬೆನ್ನು ಮಾತ್ರ ಕಾಣುತ್ತಿತ್ತು.

"ಈ ಕೊನೆಯವರು ಇವಳ ಉಪ್ಪ, ಟೀಚರೇ" ಎಂದಳು, ಮಗಳ ತಲೆ ಮುಟ್ಟಿ. "ಎಡ ಭುಜ ಸ್ವಲ್ಪ ಇಳಿದಿದೆ, ನೋಡಿ. ಇವಳು ಹೊಟ್ಟೆಯಲ್ಲಿರುವಾಗ ಹೋದ ಮಂಜಿ ತಿರುಗಿ ಬರಲೇ ಇಲ್ಲ. ಮುಖ ಕಾಣುವ ಫೋಟೋ ಉಂಟಾ? ಇವಳು ಅಪ್ಪನನ್ನು ನೋಡಿದವಳೇ ಅಲ್ಲ."

ಅಪ್ಪ ಮೂರು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಸ್ಟುಡಿಯೋಕ್ಕೆ ಬಂದು ಹಳೆಯ ನೆಗೆಟಿವುಗಳನ್ನೆಲ್ಲ ಬೆಳಕಿಗೆ ಹಿಡಿದು ಹುಡುಕಿದರು. ನಾನೂ ಕೂತೆ. ಸಿಗಲಿಲ್ಲ.

"ನಾನು ಹಾಯಿಯನ್ನೇ ನೋಡುತ್ತಿದ್ದೆ. ಎರಡು ಹೆಜ್ಜೆ ಆಚೆ ಹೋಗಿ ನಿಂತಿದ್ದರೆ ಸಾಕಿತ್ತು" ಎಂದು ಅಪ್ಪ ತಲೆ ತಗ್ಗಿಸಿದರು. ಅಷ್ಟು ಸೋತ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಇದ್ದ ಚಿತ್ರವನ್ನೇ ದೊಡ್ಡದು ಮಾಡಿದರು. ರಜೆಯಲ್ಲಿ ತಾಯಿ ಮಗಳು ಕಾಪುವಿನ ತವರಿನಲ್ಲಿದ್ದರು. ನಾವು ಬಸ್ಸು ಹತ್ತಿ ಅಲ್ಲಿಗೇ ಹೋದೆವು. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಉಪ್ಪ ಈಚೆ ತಿರುಗಿದರೆ ಹೇಗೆ ಕಾಣುತ್ತಾರೆ?" ಹುಡುಗಿ ಕೇಳಿದಳು.

ತಾಯಿ ಅವಳ ಮುಖದ ಮೇಲೆ ಬೆರಳಾಡಿಸಿದಳು. "ಹುಬ್ಬು ಇದೇ. ಮೂಗು ಇದೇ. ನಗುವಾಗ ಕೆನ್ನೆಯಲ್ಲಿ ಇದೇ ಗುಳಿ."

ಅಪ್ಪ ಚೀಲದಿಂದ ಕ್ಯಾಮೆರಾ ತೆಗೆದರು. "ಪೊರ್ಬುಗಳೇ, ನನ್ನದು ಬೇಡ, ಇವಳದ್ದು ತೆಗೆಯಿರಿ" ಎಂದಳಾಕೆ; ನಮ್ಮ ಕಡೆ ಕ್ರೈಸ್ತರನ್ನು ಹಾಗೆಯೇ ಕರೆಯುತ್ತಾರೆ. ಅಂಗಳದ ತೆಂಗಿನ ನೆರಳಿನಿಂದ ಹುಡುಗಿಯನ್ನು ಬಿಸಿಲಿಗೆ ಕರೆದು ನಿಲ್ಲಿಸಿ, ಅವಳು ನಗುವವರೆಗೂ ಅಪ್ಪ ಕಾದರು.

ಮುಂದಿನ ವರ್ಷ ತಾಯಿ ಮಗಳನ್ನು ಶಾಲೆ ಬಿಡಿಸಿಕೊಂಡು ಕಾರ್ಕಳದಾಚೆ ಬಜಗೋಳಿ ಕಡೆ ಸಂಬಂಧಿಕರಲ್ಲಿಗೆ ಹೋದಳಂತೆ. ಆಮೇಲೆ ಸುದ್ದಿ ಇಲ್ಲ. ಹುಡುಗಿಯ ಚಿತ್ರದ ಒಂದು ಪ್ರತಿ ನನ್ನಲ್ಲಿ ಉಳಿದಿದೆ. ಅವಳಿಗೂ ಈಗ ಮೊಮ್ಮಕ್ಕಳಿರಬಹುದು. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಲೆಲ್ಲ ವಯಸ್ಸಾದ ಹೆಂಗಸರು ನಗುವುದನ್ನು ನಿಂತು ನೋಡುತ್ತೇನೆ.