ಸ್ನಾನಘಟ್ಟದಲ್ಲಿ ಹಿಡಿದ ನೀರು

ಅವತ್ತು ಬೆಳಿಗ್ಗೆ ಎದ್ದು ಹಂಡೆ ಉಜ್ಜಿಟ್ಟೆ. ಬಾಣಂತಿ ಮಗಳಿಗೆ ಬೆಳ್ಳುಳ್ಳಿ ಸುಲಿದು ಮೆಣಸಿನ ಸಾರು ಮಾಡಿದೆ. ಮಗುವಿನ ಬಟ್ಟೆ ಒಗೆದು ಹಿತ್ತಲ ತಂತಿಗೆ ಹರವಿದೆ. ನಮ್ಮ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ನಲ್ಲಿ ಬರುವುದು ನಾನು ಹೊರಟ ಮೇಲೆ. ನೀರು ಹಿಡಿದುಕೋ ಎಂದು ಮಗಳಿಗೆ ಹೇಳಿ, ನೀರಿನ ಬಾಟಲಿಗಳನ್ನು ತಣ್ಣಗಿಡುವ ಐಸ್ ಡಬ್ಬ ಹಿಡಿದು ನಂಜನಗೂಡಿನ ಬಸ್ಸು ಹತ್ತಿದೆ.

ಆಗ ಕಪಿಲೆಯಲ್ಲಿ ಹೂಳೆತ್ತುವ ಕೆಲಸ ನಡೆಯುತ್ತಿತ್ತು. ಸ್ನಾನಘಟ್ಟದಿಂದ ಸ್ವಲ್ಪ ಕೆಳಗೆ ತೇಲುವ ಯಂತ್ರವೊಂದು ಹೊಳೆಯ ತಳದ ಕೆಸರನ್ನು ಹೀರಿ ದಡಕ್ಕೆ ಉಗುಳುತ್ತಿತ್ತು. ಹೊಳೆ ಹರಿದುಬರುವ ಕಡೆ ಯಂತ್ರಕ್ಕಿಂತ ಮೇಲೆ ಒಂದು ಬಾಟಲಿ, ಹರಿದುಹೋಗುವ ಕಡೆ ಕೆಳಗೆ ಒಂದು ಬಾಟಲಿ ನೀರು ಹಿಡಿದು ಮೀಟರಿನಲ್ಲಿ ಎರಡರ ಕದಡು ನೋಡುವುದು ನನ್ನ ಕೆಲಸ. ಕೆಳಗಿನದು ಮೇಲಿನದಕ್ಕಿಂತ ಬಹಳ ಕದಡಿದ್ದರೆ ಯಂತ್ರ ನಿಲ್ಲಿಸಬೇಕು. ಇಲ್ಲದಿದ್ದರೆ ನಡೆಯಬಹುದು. ದಿನವೂ ಎರಡೂ ಹೆಚ್ಚುಕಡಿಮೆ ಒಂದೇ ಇರುತ್ತಿದ್ದವು. ಯಂತ್ರವೂ ನಡೆಯುತ್ತಿತ್ತು.

ನಮ್ಮೂರು ಇದೇ ಹೊಳೆಯ ಕೆಳಗೆ, ತಿ. ನರಸೀಪುರದ ಕಡೆಗೆ. ಹೊಳೆದಡದ ಬಾವಿಯಿಂದ ಟ್ಯಾಂಕಿಗೆ ಏರಿಸಿದ ನೀರೇ ನಮ್ಮ ನಲ್ಲಿಗೆ ಬರುವುದು.

ತೆಪ್ಪದಲ್ಲಿ ಕೂತು ಕೆಳಗಿನ ಬಾಟಲಿಗೆ ಮುಚ್ಚಳ ಹಾಕುತ್ತಿದ್ದಾಗ ಮಗಳ ಫೋನು ಬಂತು.

"ಅಮ್ಮಾ, ನಲ್ಲೀಲಿ ಕೆಂಪ್ ನೀರು ಬತ್ತಾ ಅದೆ. ನೀರೆರೆಯೋ ಅಜ್ಜಿ ಅದ್ನೇ ಕಾಯ್ಸಿ ಮಗೀಗೆ ಉಯ್ದ್‌ಬುಟ್ರು."

"ಬಾಯ್ಗೇನಾದ್ರೂ ಓಯ್ತಾ?"

"ಕಿರ್ಚ್ತಿದ್ದ ಕಣಮ್ಮ. ಒಂದ್ ಗುಟುಕು ಓಗಿರ್ಬೋದು."

ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಕಾಯಿಸಿದರೆ ಕ್ರಿಮಿ ಸಾಯಬಹುದು, ಕೆಸರು ಎಲ್ಲಿಗೆ ಹೋಗುತ್ತದೆ? ಊರಿನ ಚರಂಡಿಯ ನೀರೆಲ್ಲ ಸೇರಿ ತಳಕ್ಕೆ ಇಳಿದದ್ದು, ವರ್ಷಗಟ್ಟಲೆ ಅಲುಗದೆ ಕೂತದ್ದು, ಅದರಲ್ಲಿ ಏನೇನಿದೆಯೋ. ನನ್ನ ಮೀಟರು ಮಾತ್ರ ದಿನವೂ ಎಲ್ಲ ಸರಿಯಿದೆ ಎನ್ನುತ್ತಿತ್ತು.

ಅವತ್ತು ಹುಣ್ಣಿಮೆ. ಮೇಲಿನ ಬಾಟಲಿ ಹಿಡಿಯಲು ತೆಪ್ಪ ಸ್ನಾನಘಟ್ಟಕ್ಕೆ ಬಂದಾಗ ಘಟ್ಟದ ತುಂಬ ಜನ. ಮುಳುಗಿ ಏಳುವವರು, ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುವವರು, ಮಕ್ಕಳನ್ನು ಎತ್ತಿ ಅದ್ದುವವರು. ದಿನವೂ ಅದನ್ನು ನಾವು ಹಿಡಿಯುತ್ತಿದ್ದದ್ದು ಅಲ್ಲೇ. ಕೆಲಸ ಶುರುವಾದಾಗ ಒಳ್ಳೆಯ ನೀರಿನ ಜಾಗ ಯಾವುದು ಎಂಬ ಮಾತು ಬಂದಾಗ ಎಲ್ಲರೂ ಘಟ್ಟದ ಕಡೆಗೇ ಕೈತೋರಿಸಿದ್ದರು. ತೀರ್ಥ ತೆಗೆದುಕೊಳ್ಳುವ ನೀರಿಗಿಂತ ಒಳ್ಳೆಯದು ಯಾವುದಿದ್ದೀತು?

ಸ್ನಾನ ಮಾಡುತ್ತಿದ್ದವನೊಬ್ಬ ನನ್ನ ಬಾಟಲಿ ನೋಡಿ ನಕ್ಕ. "ಏನ್ ಮೇಡಮ್ಮೋರೇ, ಗಂಗಮ್ಮನ್ನೂ ಬಾಟ್ಲಿಗ್ ತುಂಬ್ಕೊಂಡ್ ಮಾರ್ಬುಡ್ತೀರಾ?"

"ನೀ ಮೊದ್ಲು ಸೋಪ್ ಹಾಕೋದ್ ನಿಲ್ಸಪ್ಪ," ಎಂದ ತೆಪ್ಪದವನು. "ನಿನ್ನ್ ನೊರೆ ಯಾರ್ ಕೊಂಡ್ಕೋತಾರೆ?"

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಕೆಲಸ ನೋಡಿಕೊಳ್ಳುವ ಇಂಜಿನಿಯರು ಬಂದರು. ಅವರೂ ಈ ಊರಿನವರೇ, ಹುಣ್ಣಿಮೆ ಬಿಡುವವರಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿಕೊಂಡರು. ಬಾಯಿಗೆ ತರುವ ಮುಂಚೆ ಕೈ ನಿಲ್ಲಿಸಿದರು. ಬೊಗಸೆಯಲ್ಲಿ ಮಣ್ಣು ಸುತ್ತುತ್ತಿತ್ತು.

"ಇದ್ನಾ ನಾವು ತಿಳಿನೀರು ಅಂತ ಹಿಡೀತಿರೋದು?" ಎಂದು ನನ್ನ ಕಡೆ ತಿರುಗಿದರು.

"ಊಂ ಸಾ. ನಮ್ಮನೆ ನಲ್ಲೀಲೂ ಇವತ್ ಕೆಂಪ್ ನೀರೇ ಬಂದದೆ. ಮಗೀಗೆ ಅದ್ರಲ್ಲೇ ಸ್ನಾನ ಆಗೋಗದೆ."

ಅವರು ಬೊಗಸೆಯ ನೀರನ್ನು ಮೆಲ್ಲಗೆ ಹೊಳೆಗೇ ಬಿಟ್ಟರು. ತಲೆಗೂ ಚಿಮುಕಿಸಿಕೊಳ್ಳಲಿಲ್ಲ. "ತೆಪ್ಪ ಮೇಲಕ್ಕೆ ಹೊಡಿಯಪ್ಪ, ಜನ ಇಲ್ಲದ ಕಡೆಗೆ," ಎಂದು ತಾವೂ ಹತ್ತಿ ಕೂತರು.

ಜೊಂಡು ಬೆಳೆದ ತಿರುವಿನ ಆಚೆ ನೀರು ಬೇರೆಯೇ ಇತ್ತು. ತಳದ ಮರಳು ಕಾಣುತ್ತಿತ್ತು. ಆ ಬಾಟಲಿಯನ್ನೂ ಯಂತ್ರದ ಕೆಳಗಿನ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟರೆ ಮೀಟರು ಬೇಕಿರಲಿಲ್ಲ. ಒಂದು ಮಜ್ಜಿಗೆಯ ತಿಳಿ, ಇನ್ನೊಂದು ರಾಗಿ ಅಂಬಲಿ. ಆದರೂ ಮೀಟರಿಗೆ ಹಾಕಿದೆವು. ಇಷ್ಟು ದಿನ ಜನ ತುಳಿದು ಕದಡಿದ ಘಟ್ಟದ ನೀರಿನ ಪಕ್ಕದಲ್ಲಿಟ್ಟು ನೋಡಿದ್ದಕ್ಕೇ ಯಂತ್ರದ ಕೆಸರು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಇಂಜಿನಿಯರು ಫೋನು ಮಾಡಿ ಯಂತ್ರ ನಿಲ್ಲಿಸಿದರು. ಕೆಳಗಿನ ಊರುಗಳಿಗೆ ಹೊಳೆ ನೀರು ಏರಿಸಬೇಡಿ ಎಂದು ಹೇಳಿಸಿದರು. ಕೆಸರಿನಲ್ಲಿ ಏನಿದೆಯೆಂದು ತಿಳಿಯಲು ಒಂದು ಡಬ್ಬಿ ಮೈಸೂರಿಗೆ ಹೋಯಿತು. ಫಲಿತಾಂಶ ಅವತ್ತೇ ಬರುವಂಥದ್ದಲ್ಲ.

ಬಸ್ಸಿನಲ್ಲಿ ಕೂತವಳಿಗೆ ಬೇಲಿಯೂ ಕಾಣಲಿಲ್ಲ, ಗದ್ದೆಯೂ ಕಾಣಲಿಲ್ಲ. ಯಂತ್ರ ನಿಂತರೂ ಹೊರಟುಬಿಟ್ಟ ಕೆಸರು ನನಗಿಂತ ಮುಂದೆ ನಮ್ಮೂರಿಗೆ ಹೋಗಿತ್ತಲ್ಲ.

ಮನೆಗೆ ಬಂದವಳೇ ಮಗುವಿನ ಅಂಗಿ ಬಿಚ್ಚಿ ಹೊಟ್ಟೆ, ಕಂಕುಳು, ತೊಡೆಸಂದು ನೋಡಿದೆ. ಎಲ್ಲೂ ಗುಳ್ಳೆ ಇರಲಿಲ್ಲ. ನರ್ಸಮ್ಮನಿಗೆ ಫೋನು ಮಾಡಿದರೆ, ಭೇದಿಯೋ ಜ್ವರವೋ ಕಂಡರೆ ತಕ್ಷಣ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಮೊಲೆಹಾಲು ಬಿಟ್ಟು ಬೇರೇನೂ ಬೇಡ ಎಂದರು. ಯಜಮಾನರು ಪಕ್ಕದ ಬೀದಿಯ ಬೋರ್‌ವೆಲ್ಲಿನಿಂದ ನೀರು ಹೊತ್ತರು. ಭೇದಿಯಾಗಿದೆಯೋ ಎಂದು ನಾನು ಮತ್ತೆ ಮತ್ತೆ ಮಗುವಿನ ಬಟ್ಟೆ ಬಿಚ್ಚಿ ನೋಡುತ್ತಿದ್ದೆ.

"ಎಷ್ಟ್ ಸಲ ನೋಡ್ತೀಯಮ್ಮ ಬಟ್ಟೇನ?" ಎಂದಳು ಮಗಳು. "ನೀನ್ ನೋಡೋ ಬಿರುಸ್ಗೆ ಅವ್ನು ಎದ್ರಿ ಉಚ್ಚೇನೂ ಉಯ್ಯಲ್ಲ."

ರಾತ್ರಿ ಮಗಳಿಗೆ ಅನ್ನ, ಮೆಣಸಿನ ಸಾರು. ನಮಗಿಬ್ಬರಿಗೆ ಮುದ್ದೆ, ಹುರುಳಿಕಾಳು ಸಾರು. ನನ್ನ ಮುದ್ದೆ ಅರ್ಧ ತಟ್ಟೆಯಲ್ಲೇ ಉಳಿಯಿತು. ಮಗು ಹಾಲು ಕುಡಿದು ಎಲ್ಲರಿಗಿಂತ ಮೊದಲು ನಿದ್ದೆ ಹೋಯಿತು. ಆಮೇಲೆ ಮಗಳು, ಆಮೇಲೆ ಯಜಮಾನರು. ನಾನು ಮಗುವಿನ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ.