ಎಡಗೈ ದಂಡು

ಎಪ್ಪತ್ತರ ದಶಕದ ಕೊನಿಗೆ ನಮ್ಮಪ್ಪನ ಬಲಗೈಗೆ ಲಕವಾ ಹೊಡೀತು. ನಲವತ್ತು ವರ್ಷ ಇಳಕಲ್ಲಿನ ಕುಣಿಮಗ್ಗದಾಗ ಕುಂತು ಲಾಳಿ ಒಗದ ಕೈ ಅದು. ಒಂದು ಮುಂಜಾನಿ ಚಹಾದ ಬಟ್ಟಲಾ ಹಿಡಿಯಾಕ ಹೋದ, ಹಿಡಿಯಾಕ ಆಗಲಿಲ್ಲ; ಕಾಲು ಎಳೀತು, ಮಾತು ತೊದಲಿತು. ದವಾಖಾನಿ ಆತು, ಗುಳಿಗಿ ಆತು, ಎಣ್ಣಿ ತಿಕ್ಕಿದ್ದಾತು. ಕಾಲು ಸುಧಾರಿಸ್ತು, ಮಾತೂ ತಿರುಗಿ ಬಂತು, ಕೈ ಮಾತ್ರ ಬರಲಿಲ್ಲ. ಡಾಕ್ಟರು ಸಾಫ್ ಹೇಳಿಬಿಟ್ರು: "ಇನ್ನ ಎಡಗೈ ರೂಢಿ ಮಾಡ್ಕೊಳ್ರಿ."

ಹೇಳೂದೇನೋ ಹೇಳಿದ್ರು. ನಮ್ಮಪ್ಪ ಎಂಥಾವ ಅನ್ನೂದು ಅವರಿಗೇನು ಗೊತ್ತು? ಯಾರರೆ ಎಡಗೈಲೆ ಎಲಿ ಅಡಿಕಿ ಕೊಟ್ರ ತಗೊಳ್ಳದ ಎದ್ದು ಹೋಗೋ ಮನಿಷ್ಯಾ ಅವ. ಎಡಗೈಲೆ ಉಣ್ಣೂದಂದ್ರ ಅವಗ ಸತ್ತಂಗ. ಹಂಗಂತ ಅವ್ವ ತುತ್ತು ಮಾಡಿ ಬಾಯಾಗ ಇಟ್ರ ಅದೂ ಅವಮಾನ. ನಾಕು ತುತ್ತು ನುಂಗಿ "ಸಾಕು" ಅಂದು ಗ್ವಾಡಿ ಕಡೆ ಹೊಳ್ಳತಿದ್ದ. ನಾಕಂದ್ರ ನಾಕು, ಐದನೇದು ಇಲ್ಲ. ನೋಡ್ತಾ ನೋಡ್ತಾ ಅಂಗಿ ಮೈಮ್ಯಾಲೆ ಜೋತಾಡಾಕ ಹತ್ತಿತು. ಹಿಂಗ ನಡದ್ರ ಅಪ್ಪ ದೀಪಾವಳಿ ಕಾಣಂಗಿಲ್ಲ ಅಂತ ಅವ್ವ ಹಿತ್ತಲಾಗ ನಿಂತು ಅಳತಿದ್ಲು.

ನನಗ ಅಳು ಬರಂಗಿಲ್ಲ, ಸಿಟ್ಟು ಬರತೈತಿ. ಅದು ನನ್ನ ಜಾಯಮಾನ. ಹುನಗುಂದದ ಕಚೇರ್ಯಾಗ ಗುಮಾಸ್ತ ನಾನು, ದಿನಾ ಬಸ್ಸಿನ್ಯಾಗ ಹೋಗಿ ಬರಾವ. ಹೋಗೂ ಮುಂದ ಕಂಡಕ್ಟರನ ಜೋಡಿ ಜಗಳ, ಬರೂ ಮುಂದ ಅಪ್ಪನ ಮ್ಯಾಲಿನ ಸಿಟ್ಟು. ಒಂದಿನ ಚದುರಂಗದ ಹಾಸು ತಂದು ಅವನ ಮುಂದ ಇಟ್ನಿ. ನಮ್ಮ ಓಣ್ಯಾಗ ಅಪ್ಪನ್ನ ಸೋಲಿಸಿದವ ಹುಟ್ಟಿದ್ದಿಲ್ಲ.

"ಎಡಗೈಲೆ ರಾಜನ್ನ ಮುಟ್ಟಬೇಕೇನು?" ಅಂದು ಮತ್ತ ಗ್ವಾಡಿ ಕಡೆ ಹೊಳ್ಳಿದ.

ಹಳೇ ಆಟಕ್ಕ ಹಳೇ ಹಟ ಅಂಟಿಕೊಂಡೈತಿ, ಹೊಸಾ ಆಟ ಮಾಡೂಣು ಅನಸ್ತು. ಸೀರಿಯ ನಕ್ಷಿ ಬರಿಯೋ ಚೌಕಳಿ ಕಾಗದ ಮನ್ಯಾಗ ಬೇಕಾದಷ್ಟಿತ್ತು. ರಟ್ಟಿಗೆ ಅಂಟಿಸಿ ಯುದ್ಧಭೂಮಿ ಮಾಡಿದ್ನಿ. ಈ ಕಡೆ ಬಾದಾಮಿ ಚಾಲುಕ್ಯರು, ಆ ಕಡೆ ಕಂಚಿ ಪಲ್ಲವರು. ರಟ್ಟು ಕತ್ತರಿಸಿ ಸೈನಿಕರನ್ನ ಮಾಡಿದ್ನಿ, ತಲಿಗೆ ಕಬ್ಬಿಣದ ಟೊಪ್ಪಿಗಿ, ಮೈಗೆ ಕವಚ. ಚಂದ ಕಾಣಲಿ ಅಂತ ಎರಡೂ ಕಡೆ ನಾಕ್ನಾಕು ತೋಪು ನಿಲ್ಲಿಸಿದ್ನಿ.

ಅಪ್ಪ ಒಂದು ಸಲ ನೋಡಿದ. ಎರಡು ತಿಂಗಳಿಂದ ಒಂದು ಮಾತಿನ ಮ್ಯಾಲೆ ಇನ್ನೊಂದು ಆಡದವ ಎದ್ದು ಕುಂತ!

"ಲೇ, ಚಾಲುಕ್ಯರ ಕಾಲದಾಗ ತೋಪು ಎಲ್ಲಿದ್ವಲೇ? ನಿಮ್ಮ ಸಾಹೇಬ ತಂದುಕೊಟ್ಟಿದ್ನೇನು?"

"ಆಟ ಯಪ್ಪಾ, ಇರಲಿ ಬಿಡು."

"ಆಟಾದ್ರೇನು? ಸುಳ್ಳಾಡಬೇಕಂತೇನು? ತಗೀ ಅವನ್ನ! ಆ ಟೊಪ್ಪಿಗಿ ಯಾರು ಹಾಕ್ಕೊಂಡಿದ್ರು? ಆ ಕವಚ ಎಲ್ಲಿ ನೋಡೀದಿ?"

ನಾ ಹಲ್ಲು ಕಡಕೊಂಡು ತೋಪು ತಗದ್ನಿ. ಅವತ್ತು ಅಪ್ಪ ಆರು ತುತ್ತು ಉಂಡ. ಅವ್ವ ಅಡಿಗಿ ಮನಿ ಬಾಗಿಲದಾಗ ನಿಂತು ನನಗ ಆರು ಬೆರಳು ತೋರಿಸಿದ್ಲು. ಆಗ ನನಗ ತಿಳೀತು, ತಪ್ಪು ಕಂಡ್ರ ಅಪ್ಪಗ ಜೀವ ಬರತೈತಿ. ತಪ್ಪು ಮಾಡೂದರಾಗ ನನಗ ಯಾರ ಸಹಾಯನೂ ಬೇಕಿರಲಿಲ್ಲ.

ಮುಂದಿನ ಐತವಾರದಿಂದ ಶುರುವಾತು ನನ್ನ ಸಂಶೋಧನಾ. ಬಾಗಲಕೋಟಿಗೆ ಹೋಗಿ ಒಂದು ವಾಚನಾಲಯದಾಗ ಹಳೇ ಕಾಲದ ಆಯುಧದ ಪುಸ್ತಕ ಕೇಳಿದ್ನಿ. ಅಲ್ಲಿದ್ದಾವ ಭಾಳ ಹುಡುಕಿ ಕುಂಟಿ-ರಂಟಿ ಚಿತ್ರ ಇದ್ದ ಒಕ್ಕಲುತನದ ಪುಸ್ತಕ ತಂದುಕೊಟ್ಟು "ಇವೂ ಹಳೇವ ಅದಾವ್ರಿ" ಅಂದ. ಬೇವೂರಾಗ ಒಬ್ಬರ ಮನ್ಯಾಗ ಅಜ್ಜನ ಕಾಲದ ಕತ್ತಿ ಐತಂತ ಕೇಳಿ ಅಲ್ಲಿಗೂ ಹೋದ್ನಿ. ಮನಿ ಯಜಮಾನರು ಚಹಾ ಕೊಟ್ಟು, ವಂಶದ ಕಥಿ ಎಲ್ಲಾ ಹೇಳಿ, ಕೊನಿಗೆ "ಕತ್ತಿ ತರ್ರಿ" ಅಂದ್ರು. ಒಳಗಿಂದ ಅವರ ಮನಿಯವರು ಕೂಗಿದ್ರು: "ಸ್ವಲ್ಪ ತಡೀರಿ, ಕುಂಬಳಕಾಯಿ ಹೆಚ್ಚಾಕ ಹತ್ತೀನಿ!"

ಇದನ್ನೆಲ್ಲಾ ಬಂದು ಹೇಳಿದ್ರ ಅಪ್ಪ ಏಳು ತುತ್ತು ಉಂಡ. ಆಮ್ಯಾಲೆ ಹುಕುಮ್ ಕೊಟ್ಟ: "ಮಂದೀನ ಕೇಳಬ್ಯಾಡ. ಕಲ್ಲನ್ನ ಕೇಳು. ಬಾದಾಮಿಗೆ ಹೋಗು, ಪಟ್ಟದಕಲ್ಲಿಗೆ ಹೋಗು. ನೋಡಿ ಬರಕೊಂಡು ಬಾ."

ಹೋದ್ನಿ. ಬಾದಾಮಿ ಗವಿಯೊಳಗ ಆಯುಧಕ್ಕೇನು ಕಡಿಮಿ ಇಲ್ಲ, ಆದ್ರ ಎಲ್ಲಾ ದೇವರ ಕೈಯಾಗ. ಒಬ್ಬೊಬ್ಬ ದೇವರಿಗೆ ಎಂಟೆಂಟು ಕೈ. ಸಾದಾ ಸೈನಿಕ ಯಾವ ಕೈಯಾಗ ಏನು ಹಿಡೀತಿದ್ದ ಅಂತ ಇವರನ್ನ ನೋಡಿ ಹೆಂಗ ತಿಳಕೋಬೇಕು? ವಿಚಾರ ಮಾಡ್ತಾ ನಿಂತಿದ್ದಾಗ ಒಂದು ಮಂಗ್ಯಾ ಬಂದು ನನ್ನ ಬುತ್ತಿ ಗಂಟು ಕಸಕೊಂಡು ಹೋತು. ನಾ ಅದಕ್ಕ ಬಾಯಿಗೆ ಬಂದಂಗ ಬೈದ್ನಿ. ದೇವರ ದರ್ಶನಕ್ಕ ಬಂದಿದ್ದ ಹೆಣ್ಣಮಕ್ಕಳು ಕಿವಿ ಮುಚ್ಚಿಕೊಂಡ್ರು.

ಪಟ್ಟದಕಲ್ಲಿನಾಗ ಮಾತ್ರ ಕೆಲಸ ಆತು. ಗುಡಿಯ ಕಂಬದ ಮ್ಯಾಲೆ ಸಣ್ಣ ಸಣ್ಣ ಪಟ್ಟಿಯೊಳಗ ಯುದ್ಧ ಕೆತ್ಯಾರ. ಕತ್ತಿ, ಢಾಲು, ಬಿಲ್ಲು, ಎಲ್ಲಾ ಐತಿ. ಟೊಪ್ಪಿಗಿ ಇಲ್ಲ, ಕವಚ ಇಲ್ಲ, ಬರಿಮೈಲೆ ಹೊಡದಾಡಾಕ ಹತ್ಯಾರ ಪುಣ್ಯಾತ್ಮರು! ಹಸದ ಹೊಟ್ಟಿಲೆ ಕುಂತು ಚೌಕಳಿ ಕಾಗದದ ಮ್ಯಾಲೆ ಒಂದೊಂದು ಮನಿ ಎಣಿಸಿ ಬರಕೊಂಡ್ನಿ. ವಾರಪೂರ್ತಿ ಕುಂತು ರಟ್ಟಿನ್ಯಾಗ ಕತ್ತರಿಸಿ, ಬಣ್ಣ ಹಚ್ಚಿ, ಎರಡೂ ದಂಡು ಅಪ್ಪನ ಮುಂದ ನಿಲ್ಲಿಸಿದ್ನಿ.

ಅಪ್ಪ ಭಾಳ ಹೊತ್ತು ನೋಡಿದ. ಈ ಸಲ ತಪ್ಪು ಸಿಗಂಗಿಲ್ಲ ಅಂತ ನಾ ಮೀಸಿ ತಿರುವಿಕೊಂಡು ಕುಂತಿದ್ನಿ.

"ಇವರೆಲ್ಲಾ ಎಡಗೈಲೆ ಕತ್ತಿ ಹಿಡದಾರಲ್ಲೋ?"

ನೋಡ್ತೇನಿ, ಖರೇ! ನಮ್ಮ ಮನ್ಯಾಗ ಸೀರಿ ನೇಯುವಾಗ ಸೀರಿಯ ಮುಖ ಕೆಳಗ, ಒಳಮೈ ಮ್ಯಾಲೆ ಇರತೈತಿ. ಅದಕ್ಕ ಚೌಕಳಿ ಕಾಗದದ ಮ್ಯಾಲೆ ನಕ್ಷಿ ಬರಿಯುವಾಗ ಎಡಕ್ಕಿದ್ದದ್ದನ್ನ ಬಲಕ್ಕ, ಬಲಕ್ಕಿದ್ದದ್ದನ್ನ ಎಡಕ್ಕ ತಿರುವಿ ಬರೀತೀವಿ. ಸಣ್ಣಂದಿನಿಂದ ಅಪ್ಪಗ ನಕ್ಷಿ ಬರದುಕೊಟ್ಟ ನನ್ನ ಕೈ ಆ ಕಾಗದ ಕಂಡಕೂಡ್ಲೇ ತನ್ನ ರೂಢಿ ಮಾಡಿಬಿಟ್ಟಿತ್ತು. ಚಾಲುಕ್ಯರನ್ನ ಸೀರಿ ದಡಿ ಅಂತ ತಿಳಕೊಂಡು ತಿರುವಿ ಹಾಕಿದ್ನಿ.

ತಪ್ಪಾತು ಅಂದಿದ್ರ ಮುಗೀತಿತ್ತು. ಆದ್ರ ಒಂದು ವಾರದ ಕೆಲಸ, ಮಂಗ್ಯಾ ಒಯ್ದ ಬುತ್ತಿ, ಎಲ್ಲಾ ಕೂಡಿ ಸಿಟ್ಟು ನೆತ್ತಿಗೇರಿತು. "ಕಲ್ಲಾಗ ಹಂಗ ಐತಿ! ಆ ಕಾಲದಾಗ ದಂಡೆಲ್ಲಾ ಎಡಗೈದ! ನಂಬಿಕಿ ಇಲ್ಲಂದ್ರ ನೀನ ಹೋಗಿ ನೋಡು!" ಅಂದುಬಿಟ್ನಿ.

ಅಪ್ಪ ನನ್ನ ಮುಖ ನೋಡಿದ, ದಂಡು ನೋಡಿದ. ಆಮ್ಯಾಲೆ ಮೆಲ್ಲಕ ಎಡಗೈ ಮುಂದ ಮಾಡಿ, ಒಬ್ಬ ಸೈನಿಕನ್ನ ಎತ್ತಿ, ಎರಡು ಮನಿ ಮುಂದ ಇಟ್ಟ. "ನಡಸು" ಅಂದ.

ಅಡಿಗಿ ಮನ್ಯಾಗ ಏನೋ ಪಾತ್ರಿ ಬಿದ್ದದ್ದು ಕೇಳಿಸ್ತು.

ಆ ಮ್ಯಾಲಿಂದ ದಿನಾ ಸಂಜಿಕ ಯುದ್ಧ. ಕಂಚಿಯವ ನಾನು, ದಿನಾ ಸೋಲಾವ. ಎಡಗೈ ಭಾಳ ಚುರುಕಾತು, ಹಾಸು ಬಿಡಿಸೂದು, ದಂಡು ಹೂಡೂದು, ನನ್ನ ಸತ್ತ ಸೈನಿಕರನ್ನ ಎತ್ತಿ ಒಗಿಯೂದು. ಆದ್ರ ಊಟ ಬಂತಂದ್ರ ಕೈ ಮತ್ತ ತೊಡಿಕೆಳಗ. ಅವ್ವ ಒಮ್ಮೆ ಧೈರ್ಯ ಮಾಡಿ ತಾಟು ಎಡಕ್ಕ ಸರಿಸಿದ್ಲು.

"ಆಟ ಬ್ಯಾರೆ, ಅನ್ನ ಬ್ಯಾರೆ," ಅಂದ ಅಪ್ಪ. ಆಮ್ಯಾಲೆ ನನ್ನ ಕಡೆ ಹೊಳ್ಳಿ ಕೇಳಿದ: "ನಿನ್ನ ದಂಡಿನವರು ಊಟ ಯಾವ ಕೈಲೆ ಮಾಡತಿದ್ರು?"

"ಕತ್ತಿ ಹಿಡಿದ ಕೈಲೆ," ಅಂದ್ನಿ ನಾನು.

"ಹಂಗಾರ ನಾ ಅವರನ್ನ ಕಣ್ಣಾರೆ ನೋಡಬೇಕು. ನೋಡಿ ಬಂದ ಮ್ಯಾಲೆ ಉಣ್ಣೂ ವಿಚಾರ ಮಾಡೂಣು. ಐತವಾರ ಕರಕೊಂಡು ಹೋಗು."

ಕಂಬ ನೋಡಿದ್ರ ಸುಳ್ಳು ಹೊರಗ ಬೀಳತೈತಿ. ಸುಳ್ಳು ಹೊರಗ ಬಿದ್ರ ಎಡಗೈ ಮತ್ತ ಒಳಗ ಹೋಗತೈತಿ, ನಾಕು ತುತ್ತಿನ ಊಟ ತಿರುಗಿ ಬರತೈತಿ. ಬಸ್ಸು ಸರಿ ಇಲ್ಲ ಅಂದ್ನಿ, ಬಿಸಿಲು ಭಾಳ ಐತಿ ಅಂದ್ನಿ, ಮಂಗ್ಯಾಗಳು ಕಚ್ಚತಾವ ಅಂದ್ನಿ. ಐತವಾರ ಮುಂಜಾನಿ ಅಪ್ಪ ಧೋತರ ಉಟಗೊಂಡು ಕಟ್ಟಿ ಮ್ಯಾಲೆ ಕುಂತೇಬಿಟ್ಟ, ಅವ್ವನೂ ಬುತ್ತಿ ಕಟಗೊಂಡು ಬಾಜೂಕ ನಿಂತ್ಲು.

ಪಟ್ಟದಕಲ್ಲಿನ ಗುಡಿಯೊಳಗ ಅಪ್ಪನ್ನ ಸಾಧ್ಯ ಆದಷ್ಟು ಬ್ಯಾರೆ ಬ್ಯಾರೆ ಕಂಬದ ಕಡೆ ತಿರುಗಾಡಿಸಿದ್ನಿ. "ನೋಡು ಯಪ್ಪಾ, ಆನಿ. ನೋಡು ಯಪ್ಪಾ, ಹೂಬಳ್ಳಿ." ಅಪ್ಪ ನನ್ನ ಬಿಟ್ಟು ನೆಟ್ಟಗ ಯುದ್ಧ ಕೆತ್ತಿದ ಆ ಕಂಬದ ಮುಂದ ಹೋಗಿ ನಿಂತ. ಹತ್ತಿರ ಹೋಗಿ ನೋಡಿದ, ದೂರ ಸರದು ನೋಡಿದ. ಎಲ್ಲಾ ಸೈನಿಕರೂ ಬಲಗೈಲೆ ಕತ್ತಿ ಎತ್ಯಾರ. ನಾ ನೆಲ ನೋಡ್ತಾ ನಿಂತ್ನಿ. ನನ್ನ ಸಿಟ್ಟು ಎಲ್ಲಿ ಹೋತೋ ಏನೋ. "ಯಪ್ಪಾ, ನಾ..." ಅಂದ್ನಿ.

"ಹಸಿವು ಆಗೇತಿ," ಅಂದ ಅಪ್ಪ. "ಬುತ್ತಿ ಬಿಚ್ಚಾಕ ಹೇಳು."

ಅವ್ವ ಕಂಬದ ಬುಡಕ್ಕ ಕುಂತು ಬುತ್ತಿ ಬಿಚ್ಚಿದ್ಲು. ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ. ತುತ್ತು ಮಾಡಾಕ ಕೈ ಹಾಕಿದ್ಲು. ಅಪ್ಪ ಸುತ್ತ ಒಮ್ಮೆ ನೋಡಿದ. ನಮ್ಮ ಓಣಿಯವರು ಯಾರೂ ಇರಲಿಲ್ಲ. ಅವ್ವನ ಕೈ ಸರಿಸಿ, ಎಡಗೈಲೆ ರೊಟ್ಟಿ ಮುರದು, ಪಲ್ಯಾದಾಗ ಅದ್ದಿ, ಬಾಯಾಗ ಇಟಗೊಂಡ. ಅರ್ಧ ಪಲ್ಯಾ ಮೀಸಿಗೆ ಹತ್ತಿತು. ಅವ್ವ ಸೆರಗಿನ ಚುಂಗು ಬಾಯಿಗೆ ಒತ್ತಿ ಹಿಡಕೊಂಡಿದ್ಲು, ನಗೂದೋ ಅಳೂದೋ ಗೊತ್ತಾಗಲಿಲ್ಲ.

"ನಕ್ಷಿ ತಿರುವಿ ಬರದೀದಿ," ಅಂದ ಅಪ್ಪ ನನಗ, ಅಗೀತಾ. "ಮೊದಲನೇ ದಿನಾನ ತಿಳೀತು. ನಲವತ್ತು ವರ್ಷ ನೇಯ್ದೇನಿ, ನನಗ ತಿಳಿಯಂಗಿಲ್ಲೇನು?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ತಿದ್ದತಿದ್ದಿ. ಎಡಗೈದವ ನಾ ಒಬ್ಬನ ಉಳೀತಿದ್ನಿ."

ಅಷ್ಟಂದು ತಾಟು ಅವ್ವನ ಮುಂದ ಹಿಡದ, ಇನ್ನೊಂದು ರೊಟ್ಟಿಗೆ. ಅವ್ವ ಎಣಿಸಲಿಲ್ಲ. ನಾ ಎಣಿಸಿದ್ನಿ. ಮೂರು ರೊಟ್ಟಿ ಉಂಡ.