ಬೂತ್ ಅಕ್ಕನಿಗೆ ಹೇಳದೆ ಉಳಿದ ಮಾತು

ಮೊನ್ನೆ ಹತ್ತಿದ ಟ್ಯಾಕ್ಸಿಯಲ್ಲಿ ಅಗ್ಗದ ಮಲ್ಲಿಗೆ ಸೆಂಟಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಂದೆ ಎಸ್‌ಟಿಡಿ ಬೂತುಗಳಲ್ಲಿ ರಿಸೀವರ್‌ಗೆ ಸುವಾಸನೆಯ ಬಿಲ್ಲೆಯೊಂದನ್ನು ಅಂಟಿಸಿರುತ್ತಿದ್ದರಲ್ಲ, ಅದೇ ವಾಸನೆ. ಇಷ್ಟು ವರ್ಷವಾದರೂ ತಾಳಲಾಗದೆ ಕಿಟಕಿ ಇಳಿಸಿ ಕೂತೆ... ಬೂತ್ ಅಕ್ಕ ನೆನಪಾದರು.

ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲೇ ಅವರ ಬೂತು. ತೊಂಬತ್ತರ ದಶಕದ ಕೊನೆ. ನಾನಾಗ ಎರಡನೇ ಪಿಯುಸಿ. ಟ್ಯೂಷನ್‌ನಲ್ಲಿ ಪರಿಚಯವಾದ ಹುಡುಗನಿಗೆ ದಿನಾ ಐದು ಗಂಟೆಗೆ ಸರಿಯಾಗಿ ಅಲ್ಲಿಂದ ಫೋನ್ ಮಾಡಬೇಕಿತ್ತು. ಐದು ನಿಮಿಷ ತಡವಾದರೂ ಯಾರ ಜೊತೆ ಇದ್ದೆ, ಎಲ್ಲಿದ್ದೆ ಎಂಬ ವಿಚಾರಣೆ. ಗೆಳತಿಯರ ಜೊತೆ ದೋಸೆ ತಿನ್ನಲು ಕೂತರೂ ನನ್ನ ಕಣ್ಣು ಗಡಿಯಾರದ ಮೇಲೆ. ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾನೆ ಅಂತ ಒಳಗೊಳಗೇ ಬೀಗುತ್ತಿದ್ದೆ ಬೇರೆ! ಎಂಥ ಪೆದ್ದಿ.

ಬೂತಿನ ನಂಬರನ್ನು ನಾನೇ ಕೊಟ್ಟಿದ್ದೆ. ನಾನು ಮಾತಾಡಿ ಹೋದ ಮೇಲೆ ಅವನು ಅಲ್ಲಿಗೆ ಫೋನ್ ಮಾಡಿ, ತಾನು ನನ್ನ ದೊಡ್ಡಪ್ಪನ ಮಗ ಎಂದು ಹೇಳಿಕೊಂಡು ಅಕ್ಕನ ಹತ್ತಿರ ನನ್ನ ಬಗ್ಗೆ ವಿಚಾರಿಸುತ್ತಿದ್ದುದು ಮಾತ್ರ ಗೊತ್ತಿರಲಿಲ್ಲ. ಬೀದಿಯ ಹೆಣ್ಣುಮಕ್ಕಳ ಮೇಲೆ ಒಂದು ಕಣ್ಣಿಡುವುದು ನಮ್ಮ ಕಡೆ ದೊಡ್ಡವರ ಜವಾಬ್ದಾರಿ. ಅಕ್ಕನೂ ನಂಬಿ, ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು.

ಒಂದು ಸಂಜೆ ಕ್ಲಾಸಿನ ಹುಡುಗನೊಬ್ಬ ನೋಟ್ಸ್ ಕೊಡಲು ಬೂತಿನ ತನಕ ಬಂದ. ಮರುದಿನ ಟ್ಯೂಷನ್ ಮುಗಿದ ಮೇಲೆ, ಮೆಟ್ಟಿಲ ಕೆಳಗೆ, ನಾನು ದಿನಾ ಫೋನ್ ಮಾಡುತ್ತಿದ್ದವನು ನನ್ನ ಕೆನ್ನೆಗೆ ಬಾರಿಸಿದ. ಆಮೇಲೆ ತಾನೇ ಅತ್ತ. ಐದು ಗಂಟೆಗೆ ಫೋನ್ ಮಾಡು ಎಂದ. ಮಾಡಿದೆ...

ಬಿಲ್ಲು ಹರಿದುಕೊಡಲು ತಲೆಯೆತ್ತಿದ ಅಕ್ಕ ಕೆನ್ನೆ ನೋಡಿದರು. "ಮನೇಲಿ ಹೊಡೆದ್ರಾ? ಆ ಹುಡುಗ ಬಂದಿದ್ದು ನಾನೇ ನಿಮ್ಮಣ್ಣಂಗೆ ಹೇಳ್ಬಿಟ್ಟೆ ಕಣೇ."

"ಯಾವ ಅಣ್ಣ ಅಕ್ಕಾ?"

ಅವರ ಮುಖ ಬಿಳಚಿಕೊಂಡಿತು. ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವನೇ ಇರಬೇಕೆಂದು ನಾನು ಹಿಂದೆ ಸರಿದೆ. ಅಕ್ಕ ಎತ್ತಿ, ಆ ‘ಅಣ್ಣ’ನ ದನಿ ಕೇಳಿದ್ದೇ, "ಇನ್ನೊಂದ್ಸಲ ಇಲ್ಲಿಗೆ ಫೋನ್ ಮಾಡಿದ್ರೆ ನೆಟ್ಟಗೆ ಸ್ಟೇಷನ್‌ಗೆ ಹೋಗ್ತೀನಿ" ಎಂದು ರಿಸೀವರ್ ಕುಕ್ಕಿದರು.

ವ್ಯಾಪಾರದ ಹೊತ್ತಿನಲ್ಲೇ ಷಟರ್ ಎಳೆದು, ನನ್ನ ಕೈ ಹಿಡಿದು ಮನೆಗೆ ಹೊರಟರು. ಕಾಲೇಜು ಬಿಡಿಸಿ ಮದುವೆ ಮಾಡಿಬಿಡುತ್ತಾರೆ, ಬೇಡಿ ಅಕ್ಕ ಎಂದು ದಾರಿಯುದ್ದಕ್ಕೂ ಗೋಗರೆದೆ. ಅವರು ಕೈ ಬಿಡಲಿಲ್ಲ. ಎಲ್ಲವನ್ನೂ ಅಮ್ಮನಿಗೆ ಹೇಳಿ, "ಮಗು ಹೆದರ್ಕೊಂಡಿದೆ. ಬೈಬೇಡಿ, ಕಾಲೇಜೂ ಬಿಡಿಸ್ಬೇಡಿ" ಎಂದು ಕೈಮುಗಿದರು. ಅಮ್ಮ ತುಂಬ ಅತ್ತರು. ಅಪ್ಪ ಅವನ ಮನೆಗೆ ಹೋಗಿ ಮಾತಾಡಿ ಬಂದರು. ನನ್ನ ಟ್ಯೂಷನ್ ಬದಲಾಯಿತು, ಕಾಲೇಜು ಉಳಿಯಿತು.

ಆದರೆ ಅವನಿಲ್ಲದೆ ಬದುಕೇ ಇಲ್ಲ ಎಂದುಕೊಂಡಿದ್ದ ವಯಸ್ಸು. ವಾರದ ಮೇಲೆ ಬೂತಿಗೆ ಹೋಗಿ, "ನೀವು ಬಾಯ್ಬಿಡದೆ ಇದ್ದಿದ್ರೆ ಅವನು ಹೊಡೀತಾನೇ ಇರ್ಲಿಲ್ಲ" ಎಂದುಬಿಟ್ಟೆ. ಅಕ್ಕ ತಲೆ ತಗ್ಗಿಸಿದರು. ಅಂದಿನಿಂದ ಎದುರು ಫುಟ್‌ಪಾತಿನಲ್ಲೇ ಓಡಾಡಿದೆ. ಮೊಬೈಲು ಬಂತು, ಬೂತು ಮುಚ್ಚಿತು, ನನಗೆ ಮದುವೆಯಾಯಿತು.

ಅಕ್ಕ ತೀರಿಕೊಂಡ ಸುದ್ದಿಯನ್ನು ಅಮ್ಮನೇ ಹೇಳಿದ್ದು. "ನನ್ನ ಮಾತಿಂದ ಒಂದು ಹುಡುಗಿ ಏಟು ತಿಂತು" ಎಂದು ಕೊನೆಯವರೆಗೂ ಕೊರಗುತ್ತಿದ್ದರಂತೆ... ಮೊನ್ನೆ ಟ್ಯಾಕ್ಸಿ ಇಳಿಯುವ ತನಕ ನನಗೆ ಅದೇ ಸಂಕಟ. ಹೊಡೆದವನು ಅವನು, ನಿಮ್ಮದೇನೂ ತಪ್ಪಿಲ್ಲ ಅಕ್ಕ ಎಂದು ಹೇಳುವ ಬುದ್ಧಿ ನನಗೆ ಬರುವಷ್ಟರಲ್ಲಿ, ಕೇಳಿಸಿಕೊಳ್ಳಲು ಅವರೇ ಇರಲಿಲ್ಲ.